ಫೋನಿಗೊಂದು ಮಖಮಲ್ ಕೋಟು

ಭಾನುವಾರ ಮಧ್ಯಾಹ್ನ,
ಅಪ್ಪನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಿಂದ

ಸಿಟ್ಟಿನ ಸಿಂಹಾಸನದ ಮೇಲೆ ವಿರಾಜಮಾನಳಾಗಿರುವ ಅಕ್ಕನಿಗೆ ತಮ್ಮನ ಸಾಷ್ಟಾಂಗ ನಮಸ್ಕಾರಗಳು.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿರುವುದರಿಂದ ಅಂಚೆಯಣ್ಣನೇ ಗತಿ. ಹಾಸ್ಟೆಲ್ ವಾರ್ಡನ್ ದನಿಯಲ್ಲಿ ನಿನ್ನನ್ನು ಗದರಿಸಿದ್ದಕ್ಕೆ ಆ ಶಿಕ್ಷೆ ನ್ಯಾಯವೇ.

ಆದರೆ ಅಪ್ಪ ಮಾಡಿದ ಪಾಪವೇನು? "ನಾನು ಕೊಡಿಸಿದ ಫೋನನ್ನೇ ಎತ್ತಲ್ಲ ಅಂದ್ಮೇಲೆ ರಜೆಗೆ ಯಾಕೆ ಬರ್ಲಿ?" ಎಂದು ನೀನು ಚಿಕ್ಕಮ್ಮನ ಹತ್ತಿರ ಅತ್ತಿದ್ದೀಯಂತೆ. ದೂರದ ಆಸ್ಪತ್ರೆಯ ಕೆಲಸಕ್ಕೆ ಹೋದೆಯೆಂಬ ಸಿಟ್ಟು ಅವರಿಗಿನ್ನೂ ಇಳಿದಿಲ್ಲ ಎಂದುಕೊಂಡಿದ್ದೀಯ. ನಡೆದದ್ದೇ ಬೇರೆ.

ಆ ಫೋನ್ ಬಂದಾಗಿನಿಂದ ಈ ಮನೆಯಲ್ಲಿ ನನ್ನ ಸ್ಥಾನಕ್ಕೆ ಕುತ್ತು ಬಂದಿದೆ. ಅದನ್ನು ಒರೆಸುವ ಬಟ್ಟೆ ನನ್ನ ಟವೆಲಿಗಿಂತ ಮೆತ್ತಗಿದೆ. ಗಿರಾಕಿಗಳಿಗೆಲ್ಲ "ಮಗಳು ಕಳ್ಸಿದ್ದು ಕಣ್ರೀ. ನೋಡಿ, ಮುಟ್ಬೇಡಿ" ಎನ್ನುತ್ತಾರೆ. ಅಂಗಡಿಯ ನೂಲಿನ ಧೂಳು ತಾಗಬಾರದೆಂದು, ಟೇಪು ಹಿಡಿದು ಅಳತೆ ತೆಗೆದು, ಅದಕ್ಕೊಂದು ಮಖಮಲ್ ಕೋಟು ಹೊಲಿದರು. ಒಳಗೆ ದಪ್ಪ ಹತ್ತಿ, ಮೇಲೆ ಸಾಲಾಗಿ ಗುಂಡಿ. ಹೊಲಿಗೆ ಯಂತ್ರ ಓಡುತ್ತಿರುವಾಗ ಆ ಕೋಟಿನೊಳಗಿಂದ ನಿನ್ನ ಕರೆಯಿರಲಿ, ಆನೆ ಘೀಳಿಟ್ಟರೂ ಕೇಳಿಸದು.

ನೀನು ಕರೆ ಮಾಡಿದ್ದೆಲ್ಲ ಪರದೆಯ ಮೇಲಿದೆಯೆಂದು ಅಪ್ಪನಿಗೆ ತೋರಿಸಿದೆ. "ನಿನ್ನ ಕಿತಾಪತಿ ನಂಗೊತ್ತಿಲ್ವೇನೋ? ಅವಳು ಮಾಡಿದ್ರೆ ನಂಗೆ ಕೇಳಲ್ವಾ?" ಎಂದರು. ಅವರ ಹಳೆಯ ಫೋನಿನ ರಿಂಗಿಗೆ ಮೇಕೆಯ ಅರಚಾಟ ಹಾಕಿದ್ದರ ಫಲ. ಹೋಗಲಿ, ನೀವೇ ಮಾಡಿ ಎಂದರೆ, "ಡ್ಯೂಟೀಲಿ ಇರ್ತಾಳೆ, ಪಾಪ, ನನ್ನಿಂದ ಯಾಕೆ ಬೈಸ್ಕೋಬೇಕು?" ಎನ್ನುತ್ತಾರೆ.

ಆಮೇಲೆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿ, ಗಾಜಿನ ಕಪಾಟಿನಲ್ಲಿ ಮಲಗಿಸಿ, "ಅವಳಿಗೆ ಬಿಡುವಿಲ್ಲ ಅಂತ ಕಾಣುತ್ತೆ" ಎಂದು ಮೆಲ್ಲಗೆ ಹೇಳಿದರು. ನನಗಲ್ಲ, ಫೋನಿಗೆ.

ಅಕ್ಕಾ, ನನಗೆ ನಗು ಬರಲಿಲ್ಲ. ಬಂದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಜನ್ಮದಲ್ಲೊಮ್ಮೆ ನಿಜ ಹೇಳಹೊರಟವನನ್ನು ನೀವಿಬ್ಬರೂ ನಂಬುವುದಿಲ್ಲ ಎಂದರೆ ನಾನು ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ?

ಇಂತಿ,
ಸದ್ಯಕ್ಕೆ ಸತ್ಯವಂತನಾದ
ನಿನ್ನ ತಲೆನೋವು

ತಾ.ಕ.: ಬಾಯಿಮಾತು ಸಾಲದೆಂದು ಸಾಕ್ಷಿಗೆ ಆ ಕೋಟನ್ನೇ ಕದ್ದು ಈ ಲಕೋಟೆಯಲ್ಲಿಟ್ಟಿದ್ದೇನೆ. ಫೋನು ಈಗ ಬರಿಮೈಯಲ್ಲಿ, ಯಂತ್ರದ ಪಕ್ಕದಲ್ಲೇ ಇದೆ. ಉಳಿದ ಮಖಮಲ್ಲನ್ನೂ ಬಚ್ಚಿಟ್ಟಿದ್ದೇನೆ. ಆದರೂ ಕಾಗದ ಸಿಕ್ಕ ತಕ್ಷಣ ಕರೆ ಮಾಡು. ಬೆಳಗ್ಗೆಯಿಂದ ಅಪ್ಪ ಅದರ ಪಕ್ಕದಲ್ಲಿ ಉಣ್ಣೆ ಬಟ್ಟೆ ಹರವಿಕೊಂಡು, ಟೇಪು ಹಿಡಿದು ಕೂತಿದ್ದಾರೆ.