ಹತ್ತನೆಯವಳನ್ನು ಕರೆದೊಯ್ದವನ ಅರ್ಜಿ

ಕಾಲೇಜುಗಳಲ್ಲಿ ವಿಷಯ ತೆರೆಯುವ, ಮುಚ್ಚುವ ಅಧಿಕಾರವುಳ್ಳ ಮಾನ್ಯರೇ,

ಗುಬ್ಬಿ ತಾಲ್ಲೂಕಿನ ನಮ್ಮ ಪುಟ್ಟ ಕಾಲೇಜಿನಲ್ಲಿ ಈ ವರ್ಷ, ಅಂದರೆ 2003ರಲ್ಲಿ, ಬಿ.ಎ. ಐಚ್ಛಿಕ ಇಂಗ್ಲಿಷನ್ನು ತಾವು ಮುಚ್ಚಿಸಿದ್ದೀರಿ. ಅದಕ್ಕೆ ದಾರಿ ಮಾಡಿಕೊಟ್ಟವನು ನಾನು. ಆದ್ದರಿಂದ ಈ ಕಾಗದದಲ್ಲಿ ಅರ್ಧ ಬೈಗುಳ ತಮಗೆ, ಅರ್ಧ ನನಗೆ.

ಹತ್ತು ಜನರಿದ್ದರೆ ಪಾಠ, ಒಂಬತ್ತಾದರೆ ಬೀಗ ಎಂಬುದು ತಮ್ಮ ನಿಯಮ. ಆ ಹತ್ತನೆಯವಳು ನನ್ನ ಅಕ್ಕನ ಮಗಳು ವನಜಾಕ್ಷಿ. ಸರ್ವಮಂಗಳಮ್ಮ ಮೇಡಂ ಹತ್ತೂ ಹುಡುಗಿಯರನ್ನು ಒಂದೇ ಮೇಜಿನ ಸುತ್ತ ಕೂರಿಸಿಕೊಂಡು, ಒಬ್ಬೊಬ್ಬರಿಂದಲೂ ಓದಿಸಿ, ತಪ್ಪಿದ ಕಡೆ ನಿಲ್ಲಿಸಿ ತಿದ್ದುತ್ತಿದ್ದರಂತೆ. ನನಗದು ಸಾಲಲಿಲ್ಲ. ನಾನು ಹಳ್ಳಿ ಸ್ಕೂಲಿನ ಏಳನೇ ಕ್ಲಾಸಿನವನು ನಿಜ. ಆದರೆ ನನ್ನ ಇಂಗ್ಲಿಷ್ ರುಜು ನೋಡಿ ಆಫೀಸುಗಳಲ್ಲಿ ಎದ್ದು ಕುರ್ಚಿ ಕೊಟ್ಟಿದ್ದಾರೆ. ಅಂಥವನ ಸೋದರಸೊಸೆ ಹತ್ತು ಜನರ ಜೊತೆ ಓದುವುದೇ? “ಇದೇನ್ ಟ್ಯೂಷನ್ನೇನೇ? ಇಂಗ್ಲಿಷ್ ಕಲಿಯೋಕೆ ಯೂನಿವರ್ಸಿಟಿಗೇ ಹೋಗ್ಬೇಕು ಕಣೇ” ಎಂದು ಟಿ.ಸಿ. ತೆಗೆಸಿ ಬೆಂಗಳೂರಿಗೆ ಕರೆದೊಯ್ದೆ. ಚೇಳೂರು ಬಸ್ಸಿನ ಕಂಡಕ್ಟರಿಗೂ ಹೇಳಿದೆ, ಅವನು ಕೇಳದಿದ್ದರೂ.

ತಿಂಗಳ ಮೇಲೆ ನೋಡಲು ಹೋದೆ. ನೂರ ನಲವತ್ತು ಜನ ಕೂರುವ ಕ್ಲಾಸು. “ಮೇಷ್ಟ್ರು ಚೆನ್ನಾಗೇ ಹೇಳ್ತಾರೆ ಮಾವ. ಲೈಬ್ರರಿನೂ ನಮ್ಮೂರಷ್ಟ್ ದೊಡ್ದಿದೆ. ಆದ್ರೆ ನಾನಿನ್ನೂ ಬಾಯ್ಬಿಟ್ಟು ಒಂದ್ ಸಾಲೂ ಓದಿಲ್ಲ” ಎಂದಳು. ಅತ್ತಿದ್ದರೆ ಬೈದು ಬರಬಹುದಿತ್ತು. ಅಳಲಿಲ್ಲ.

ಗುಬ್ಬಿಯಲ್ಲಿ ಬಸ್ಸಿಳಿದರೆ ಅವಳ ಗೆಳತಿ ಸುಧಾ ಎದುರಾದಳು. “ಏನ್ ಮಾವ, ನಿಮ್ ಹುಡ್ಗೀನ ಯೂನಿವರ್ಸಿಟಿಗೆ ಸೇರ್ಸುದ್ರಿ, ನಮ್ ಒಂಬತ್ ಜನಾನೂ ಹಿಸ್ಟರಿಗೆ ತಳ್ಳುದ್ರಿ. ಚೆನ್ನಾಗೈತೆ ಬುಡಿ ನಿಮ್ ದೊಡ್ಡಸ್ತಿಕೆ!” ಬೀಗದ ಸುದ್ದಿ ನನಗೆ ತಿಳಿದದ್ದು ಆಗಲೇ.

ನಾನು ಜಂಬಗಾರ, ಒಪ್ಪಿದೆ. ತಾವು? ತಪ್ಪು ಮಾಡಲು ನಾನು ಬೆಂಗಳೂರಿನವರೆಗೆ ಬಸ್ಸಿನಲ್ಲಿ ನಿಂತು ಹೋಗಬೇಕಾಯಿತು. ತಮಗೆ ಕೂತಲ್ಲಿಂದ ಏಳುವ ಶ್ರಮವೂ ಬೇಕಾಗಲಿಲ್ಲ. ಆ ಒಂಬತ್ತು ಮಂದಿಯನ್ನು ಒಂದು ಮಾತಾದರೂ ಕೇಳಿದಿರಾ?

ವನಜಾಕ್ಷಿ ವಾಪಸ್ ಬಂದಿದ್ದಾಳೆ. ಟಿ.ಸಿ. ಹಿಡಿದು ತಮ್ಮ ಕಚೇರಿಗೆ ಎರಡು ಸಲ ಬಂದೆ. ಮುಚ್ಚಿದ ವಿಷಯಕ್ಕೆ ಯಾರನ್ನೂ ಸೇರಿಸಿಕೊಳ್ಳಲಾಗದು ಎಂದರು. ಅವಳಿಗೀಗ ಅಲ್ಲೂ ಸೀಟಿಲ್ಲ, ಇಲ್ಲೂ ಸೀಟಿಲ್ಲ. ದಯವಿಟ್ಟು ಇಂಗ್ಲಿಷ್ ಮತ್ತೆ ತೆರೆಯಿರಿ. ಹತ್ತು ಜನ ಸಿದ್ಧರಿದ್ದಾರೆ. ಆಗದೆಂದರೆ ತಮ್ಮ ಆದೇಶದಲ್ಲಿ ‘ವಿದ್ಯಾರ್ಥಿನಿಯರ ನಿರಾಸಕ್ತಿಯ ಕಾರಣ’ ಎಂದಿರುವುದನ್ನಾದರೂ ಹೊಡೆದುಹಾಕಿ, ಅಲ್ಲಿ ನನ್ನ ಹೆಸರು ಬರೆಯಿರಿ. ಪೂರ್ತಿ ಹೆಸರು, ಊರಿನ ಸಮೇತ.

ಇಂತಿ,
ಸೊಸೆ ಇನ್ನೂ ‘ಮಾವ’ ಎನ್ನುತ್ತಿರುವುದಕ್ಕೇ ತಲೆ ತಗ್ಗಿಸಿರುವ
ಗಂಗಹನುಮಯ್ಯ
ಚೇಳೂರು ಹೋಬಳಿ, ಗುಬ್ಬಿ ತಾಲ್ಲೂಕು