ನಿಮ್ಮ ಎರಡನೇ ಕಾರ್ಡನ್ನು ಕಿತ್ತಿಟ್ಟಿದ್ದೇನೆ

ಮಹದೇವಪುರ
ಶುಕ್ರವಾರ, ಮಧ್ಯಾಹ್ನ ಮೂರೂಕಾಲು

ಎರಡು ಗ್ರಾಫಿಕ್ಸ್ ಕಾರ್ಡುಗಳ ಯಜಮಾನರೂ, ಬಿಡುವಾದಾಗ ನನಗೂ ಯಜಮಾನರೂ ಆದ ಶ್ರೀ ಪರಮಾನಂದ ಅವರಿಗೆ ನೀಲಾಂಬಿಕಾಳ ಶರಣು.

ಈ ಪತ್ರವನ್ನು ಫ್ರಿಜ್ಜಿನ ಮೇಲೆ ಅಂಟಿಸಬಹುದಿತ್ತು. ಆದರೆ ಫ್ರಿಜ್ಜಿನ ಬಾಗಿಲನ್ನು ನೀವು ಕಣ್ಣು ಮುಚ್ಚಿಕೊಂಡೇ ತೆಗೆಯುವವರು. ಅದಕ್ಕೇ ಕಂಪ್ಯೂಟರ್ ಕ್ಯಾಬಿನೆಟ್ಟಿನ ಗಾಜಿಗೆ ಅಂಟಿಸಿದ್ದೇನೆ. ಚಪ್ಪಲಿ ಬಿಡುವ ಮೊದಲೇ ನೀವು ಬಂದು ಮುಖ ನೋಡುವುದು ಅದರದೇ.

ಗಾಬರಿಯಾಗಬೇಡಿ, ಕಳ್ಳರು ಬಂದಿಲ್ಲ. ನಿಮ್ಮ ಎರಡನೇ ಗ್ರಾಫಿಕ್ಸ್ ಕಾರ್ಡನ್ನು ಕಿತ್ತವಳು ನಾನೇ. ಅದು ಬಂದ ಡಬ್ಬಿಯಲ್ಲೇ ಮಲಗಿಸಿದ್ದೇನೆ. ಆ ಡಬ್ಬಿಯನ್ನು ನೀವು ನಮ್ಮ ಮದುವೆಯ ಆಲ್ಬಮ್ಮಿಗಿಂತ ಜೋಪಾನವಾಗಿ ಇಟ್ಟಿದ್ದರಿಂದ ಹುಡುಕುವುದು ಕಷ್ಟವಾಗಲಿಲ್ಲ.

ಸಂಗತಿಯನ್ನು ಮೊದಲಿಂದ ಬರೆಯುತ್ತೇನೆ, ನೀವು ಮೊದಲಿಂದ ಕೇಳಿದ್ದು ಕಡಿಮೆ. ನಿಮ್ಮ ಅವ್ವನ ಗಂಟಲಿನ ಆಪರೇಷನ್ ನಾಳೆ ಬೆಳಿಗ್ಗೆ ಎಂಟಕ್ಕೆ. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು, ಆಮೇಲೆ ಈಗಿನ ದನಿ ಇರುವುದಿಲ್ಲ ಅಂತ ಡಾಕ್ಟರು ಹೇಳಿ ಹತ್ತು ದಿನವಾಯಿತು. ಆಗ ನೀವು ಕಾರಿಡಾರಿನಲ್ಲಿ ಫೋನಿನಲ್ಲಿದ್ದಿರಿ. ಅವ್ವ ಮನೆಗೆ ಬಂದು, ನನ್ನ ದನಿ ನಿನ್ನ ಕಂಪ್ಯೂಟರಿನಾಗ ತುಂಬಿಡೋ ಪರಮಾ, ಅಂದರು. ಮಲಕವ್ವ ಎಂಬ ಆ ಹೆಂಗಸು ಈ ಮನೆಯಲ್ಲಿ ನಿಮ್ಮನ್ನು ಕೇಳಿದ್ದು ಅದೊಂದೇ.

ಅದಕ್ಕೆ ಸೌಂಡ್ ಕಾರ್ಡು ಬೇಕು ಅಂತ ನೀವೇ ಹೇಳಿದಿರಿ. ಇತ್ತಲ್ಲ ನಮ್ಮಲ್ಲಿ, ಅಂಗೈಯಷ್ಟು ಅಗಲದ್ದು. ಮಕ್ಕಳ ಪಾಠಗಳಿಗೆ ದನಿ ಕೊಡುವ ನನ್ನ ಕೆಲಸಕ್ಕೆಂದು ಅದೇ ಕಂಪ್ಯೂಟರಿನಲ್ಲಿ ಎರಡು ವರ್ಷ ಸಂಸಾರ ಮಾಡಿಕೊಂಡಿತ್ತು. ಯುಗಾದಿಗೆ ನೀವು ಎರಡನೇ ಗ್ರಾಫಿಕ್ಸ್ ಕಾರ್ಡು ತಂದಿರಿ. ಮೂರು ಫ್ಯಾನು, ಇಟ್ಟಿಗೆಯ ದಪ್ಪ. ಅದಕ್ಕೆ ಜಾಗ ಮಾಡಲು ನನ್ನದು ಶೂ ಡಬ್ಬಿ ಸೇರಿತು. ನಾನು ಪಕ್ಕದ ಬ್ಲಾಕಿನ ವೇಣಿಯ ಮನೆಗೆ ಹೋಗಿ ಪಾಠ ಓದಿ ಬರತೊಡಗಿದೆ. ಒಳ್ಳೇದಾಯ್ತು ಬಿಡು, ನಿಂಗೆ ವಾಕಿಂಗ್ ಆಗುತ್ತೆ ಅಂದಿರಿ.

ಕಳೆದ ಶನಿವಾರ ನಿಮ್ಮ ಗೆಳೆಯ ವೀರೇಶ್ ಬಂದರು. ಇಬ್ಬರೂ ಗಾಜು ಬಿಚ್ಚಿ, ಟಾರ್ಚು ಬಿಟ್ಟು, ನಾಲ್ಕು ತಾಸು ಅದರ ಹೊಟ್ಟೆ ನೋಡಿದಿರಿ. ಎರಡು ಸಲ ಚಹಾ, ಒಂದು ಸಲ ಮಂಡಕ್ಕಿ. ಕೊನೆಗೆ ಕಂಡುಹಿಡಿದದ್ದು, ಸೌಂಡ್ ಕಾರ್ಡು ಕೂರುವ ಪುಟ್ಟ ಗೂಡು, ಅದೇ ಸ್ಲಾಟು, ಮೊದಲನೇ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ ಮುಚ್ಚಿಹೋಗಿದೆ ಎಂಬ ಮಹಾಸತ್ಯ. ಇದನ್ನು ನಾನು ಅಡುಗೆಮನೆಯಿಂದಲೇ ಹೇಳಿದ್ದೆ. ವೀರೇಶ್ ಪಾಪ, ಎರಡನೇದನ್ನ ತೆಗಿ ಗುರು, ಆ ಉದ್ದ ಸ್ಲಾಟಲ್ಲೇ ಇದು ಮೊದಲಿನ ಥರಾನೇ ಕೂರುತ್ತೆ, ಒಂದು ದಿನದ ಮಾತು ಅಂದರು. ತೊಟ್ಟಿಲಲ್ಲಿ ಮಲಗಿದ ಕೂಸನ್ನು ಎಬ್ಬಿಸಲು ಬಂದವರನ್ನು ನೋಡುವಂತೆ ಅವರನ್ನು ನೋಡಿ, ಆಗಲ್ಲ ಮಗಾ, ಟ್ರೇನಿಂಗ್ ಓಡ್ತಿದೆ ಅಂದಿರಿ.

ಯಾವುದರ ಟ್ರೇನಿಂಗು? ಬರೆಯಲು ನನಗೇ ನಾಚಿಕೆ. ಅವ್ವನ ಒಂಬತ್ತು ವಾಟ್ಸಾಪ್ ವಾಯ್ಸ್ ಮೆಸೇಜುಗಳನ್ನು ಹಾಕಿ, ಅವ್ವನ ದನಿಯಲ್ಲಿ ಏನು ಬೇಕಾದರೂ ಮಾತಾಡುವ ಯಂತ್ರವೊಂದನ್ನು ತಯಾರಿಸುತ್ತಿದ್ದಿರಿ. ಎರಡೂ ಕಾರ್ಡು ಅದಕ್ಕೇ ಬೇಕಂತೆ. ಅಂದರೆ, ಅವ್ವನ ದನಿ ಮಾಡುವ ಯಂತ್ರ ಅಡ್ಡ ಕೂತದ್ದರಿಂದ ಅವ್ವನ ದನಿಗೆ ಜಾಗವಿಲ್ಲ. ಹೆತ್ತವಳು ಹೊಸ್ತಿಲಲ್ಲಿ ನಿಂತಿದ್ದರೆ, ತಡಿ, ನಿನ್ನ ಫೋಟೋಕ್ಕೆ ಕಟ್ಟು ಹಾಕ್ತಿದೀನಿ ಅಂತ ಕದ ಮುಚ್ಚಿಕೊಳ್ಳುವ ಜಾಣರು ನೀವು.

ಬುಧವಾರ ಯಂತ್ರ ಬಾಯಿಬಿಟ್ಟಿತು. ಅವ್ವನನ್ನು ಕೂಡಿಸಿ ಕೇಳಿಸಿದಿರಿ. ಮಗನೇ, ನೀನು ಊಟವನ್ನು ಮಾಡಿದೆಯಾ ಎಂದು ಅದು ವಿಚಾರಿಸಿತು. ಅವ್ವ ಸೆರಗು ಬಾಯಿಗೆ ಹಿಡಿದು, ಯಾರೋ ಇಕಿ, ಸಾಲಿ ಇನ್‌ಸ್ಪೆಕ್ಟರಬಾಯಿ ಇದ್ದಂಗ ಅದಾಳ, ಉಂಡಿಯೇನ ಅನ್ನಾಕ ಇಷ್ಟುದ್ದ ಬೇಕೇನ ಅಂದರು. ನಕ್ಕು ನಕ್ಕು ಕೆಮ್ಮು ಹತ್ತಿತು. ಕೆಮ್ಮು ನಿಲ್ಲುವ ತನಕವೂ ನೀವು ಕೂರಲಿಲ್ಲ. ಇನ್ನೂ ಡೇಟಾ ಬೇಕು ಅಂತ ಗೊಣಗುತ್ತ ಒಳಗೆ ಹೋದಿರಿ. ಡೇಟಾ ಹೊರಗೆ ಸೋಫಾದ ಮೇಲೆ ಬಿಸಿನೀರು ಕುಡಿಯುತ್ತಿತ್ತು.

ಇವತ್ತು ಬೆಳಿಗ್ಗೆ ಹತ್ತಕ್ಕೆ, ಒಂದು ಗ್ರಾಫಿಕ್ಸ್ ಕಾರ್ಡನ್ನು ಕ್ಯಾಬಿನೆಟ್ಟಿನ ಹೊರಗಿಟ್ಟು ಜೋಡಿಸುವ ಕೇಬಲ್ ತರುತ್ತೇನೆಂದು ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೊರಟಿರಿ. ನಾಲ್ಕಕ್ಕೆ ಅವ್ವನನ್ನು ಆಸ್ಪತ್ರೆಗೆ ಸೇರಿಸಬೇಕು ಎಂದೆ. ಹನ್ನೆರಡಕ್ಕೆಲ್ಲ ಬಂದ್ಬಿಡ್ತೀನಿ ಅಂದಿರಿ. ಒಂದು ಗಂಟೆಗೆ ಫೋನು ಮಾಡಿದರೆ, ಕೇಬಲ್ ಸಿಕ್ತು ಕಣೇ, ಮೂರು ಕಾರ್ಡು ಹಿಡಿಸೋ ಕ್ಯಾಬಿನೆಟ್ ಒಂದು ಸಕ್ಕತ್ತಾಗಿದೆ, ಅದೊಂದು ನೋಡಿ ಬರ್ತೀನಿ ಅಂದಿರಿ. ಅವ್ವ ನನ್ನ ಮುಖ ನೋಡಿದರು. ನಾನು ಟ್ರಾಫಿಕ್ಕಂತೆ ಅಂತ ಸುಳ್ಳು ಹೇಳಿದೆ.

ಆಮೇಲೆ ಸ್ಕ್ರೂಡ್ರೈವರ್ ತಗೊಂಡೆ. ಕರೆಂಟು ತೆಗೆದು, ಎರಡು ಸ್ಕ್ರೂ, ಒಂದು ಕ್ಲಿಪ್ಪು, ಹನ್ನೊಂದು ನಿಮಿಷ. ನಿಮ್ಮದು ಹೊರಗೆ, ಶೂ ಡಬ್ಬಿಯಲ್ಲಿದ್ದ ನನ್ನದು ಒಳಗೆ. ನಿಮ್ಮ ಟ್ರೇನಿಂಗು ಅರ್ಧಕ್ಕೆ ನಿಂತಿರಬೇಕು. ಇನ್‌ಸ್ಪೆಕ್ಟರಬಾಯಿಯವರಿಗೆ ನನ್ನ ಸಂತಾಪ ತಿಳಿಸಿ.

ಅವ್ವ ಐವತ್ತು ನಿಮಿಷ ಮಾತಾಡಿದರು. ಗುರೆಳ್ಳು ಹುರಿಯುವ ಹದ, ನಿಮ್ಮ ಅಪ್ಪ ಸೈಕಲ್ಲು ಕಲಿಯಲು ಹೋಗಿ ಬಾವಿಕಟ್ಟೆಗೆ ಗುದ್ದಿದ್ದು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡದ್ದು. ಹತ್ತು ನಿಮಿಷ ನಿಮ್ಮನ್ನೇ ಬೈದಿದ್ದಾರೆ. ಬೈಗುಳಕ್ಕಿಂತ ಜಾಸ್ತಿ ಕೆಮ್ಮೇ ಇದೆ. ಒಂದಕ್ಷರವನ್ನೂ ನಾನು ಕತ್ತರಿಸಿಲ್ಲ.

ಕೆಳಗೆ ಆಟೋ ಬಂದಿದೆ. ಅನ್ನ ಕುಕ್ಕರಿನಲ್ಲಿದೆ. ಕುಕ್ಕರು ಯಾವುದೆಂದು ಗೊತ್ತಾಗದಿದ್ದರೆ ವೀರೇಶ್ ಅವರನ್ನು ಕರೆಸಿ, ಇಬ್ಬರೂ ಟಾರ್ಚು ಬಿಟ್ಟು ನೋಡಿ.

ಇಂತಿ,
ನಿಮ್ಮ ಯಾವ ಸ್ಲಾಟಿಗೂ ಹೊಂದದ
ನೀಲಾಂಬಿಕಾ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಮೊದಲ ದಿನವೇ, ನನ್ನ ಫೋನಿನಲ್ಲೇ ರೆಕಾರ್ಡ್ ಮಾಡ್ತೀನಿ ಅತ್ತೀ, ಅಷ್ಟೇ ಸಾಕು ಅಂದಿದ್ದೆ. ಅವ್ವ ಬ್ಯಾಡ ಅಂದರು. ಅವನ ಕಂಪ್ಯೂಟರಿನಾಗ ಆದರ ಅವನೇ ಕೂತು ಮಾಡಬೇಕಲ್ಲ, ಅಷ್ಟೊತ್ತಾದರೂ ನನ್ನ ಮಗ್ಗಲದಾಗ ಇರತಾನ ಅಂದರು. ಇದನ್ನು ನಿಮಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದರು. ಇವತ್ತು ನಾನು ಮೈಕು ಮುಂದಿಟ್ಟಾಗ ಬ್ಯಾಡ ಅನ್ನಲಿಲ್ಲ. ಆಸ್ಪತ್ರೆಯಲ್ಲಿ ನಾವಿರುವುದು ಎರಡನೇ ಮಹಡಿಯಲ್ಲಿ. ರಾತ್ರಿ ರೋಗಿಯ ಹತ್ತಿರ ಒಬ್ಬರನ್ನೇ ಬಿಡುತ್ತಾರಂತೆ. ನೀವು ಬಂದರೆ ನಾನು ಹೊರಗೆ ಬರುತ್ತೇನೆ.