ಹೆತ್ತದ್ದು ಎರಡು, ಉಳಿದದ್ದು ಇಲ್ಲ

ಕಟಕೋಳ,
9 ಫೆಬ್ರುವರಿ 2025

ನಮ್ಮ ಮನೆಯವರಿಗೆ ಯಶೋಧಾಳ ನಮಸ್ಕಾರಗಳು.

ಆರಾಮ ಇದ್ದೀರಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ? ಬೆನ್ನುನೋವು ಹೇಗಿದೆ? ಅಲ್ಲಿಯ ಬಿಸಿಲಿಗೆ ತಲೆಗೆ ಒದ್ದೆ ಟವೆಲ್ ಸುತ್ತಿಕೊಳ್ಳದೆ ಸೆಂಟ್ರಿಂಗ್ ಕೆಲಸಕ್ಕೆ ಮೇಲೆ ಏರಬೇಡಿರಿ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಇಷ್ಟೆಲ್ಲ ಕೇಳುತ್ತೇನೆ. ನಿಮ್ಮ ಫೋನು ಬಂದ್ ಆಗಿ ಇಪ್ಪತ್ತಾರು ತಿಂಗಳಾಯಿತು. ನನ್ನ ಹತ್ತಿರ ಉಳಿದಿರುವುದು ನಿಮ್ಮ ಕಂಪನಿಯ ಅಂಚೆ ಪೆಟ್ಟಿಗೆಯ ನಂಬರು ಒಂದೇ. ಅದಕ್ಕೆ ಹಾಕಿದ ನಾಲ್ಕು ಪತ್ರಗಳು ತಿರುಗಿ ಬಂದಿಲ್ಲ. ತಿರುಗಿ ಬಂದಿಲ್ಲ ಅಂದರೆ ಯಾರೋ ಇಸಿದುಕೊಂಡಿದ್ದಾರೆ ಎಂದೇ ನಾನು ತಿಳಿದಿದ್ದೇನೆ. ಅತ್ತೆ ಆರಾಮ ಇದ್ದಾರೆ. ಹಲ್ಲು ಇಲ್ಲದಿದ್ದರೂ ಅವರಿಗೆ ರೊಟ್ಟಿಯೇ ಬೇಕು, ಅನ್ನ ಬಡಿಸಿದರೆ ಮೋರೆ ತಿರುವುತ್ತಾರೆ. ನಾನೂ ಆರಾಮ ಅಂತ ಬರೆದುಕೊಳ್ಳಿರಿ.

ನಿಮ್ಮ ಮೇಲೆ ಸಿಟ್ಟಿದೆ, ಅದನ್ನು ಮೊದಲು ಹೇಳಿ ಮುಗಿಸುತ್ತೇನೆ. ಮಂದಿ ದುಡಿಯುವವರ ವೀಸಾದ ಮೇಲೆ ಹೋದರೆ ನೀವು ಆ ಏಜೆಂಟನ ಮಾತು ಕೇಳಿ ತಿರುಗಾಡಲು ಹೋಗುವವರ ವೀಸಾದ ಮೇಲೆ ಹೋದಿರಿ. ಬೇಡ ಬೇಡ ಅಂದೆ, ಕೇಳಿದಿರಾ? ನಿಮ್ಮನ್ನು ಹುಡುಕಿಕೊಡಿ ಎಂದು ಅರ್ಜಿ ಹಿಡಿದು ಬೆಳಗಾವಿಗೆ ಏಳು ಸಲ ಹೋಗಿದ್ದೇನೆ. ಗಂಡನ ಹೆಸರು ಬಾಯಿಂದ ಆಡದವಳು ಕಿಟಕಿ ಕಿಟಕಿಗೆ ನಿಂತು ಭೀಮಶಿ, ಭೀಮಶಿ ಎಂದು ಹೇಳಿ ಹೇಳಿ ನಾಚಿಕೆಯನ್ನೇ ಬಿಟ್ಟೆ. ಕಡೆಗೆ ಒಬ್ಬ ಸಾಹೇಬರು ಕಂಪ್ಯೂಟರ್ ನೋಡಿ, ದುಡಿಯಲು ಪರದೇಶಕ್ಕೆ ಹೋದವರ ಯಾದಿಯಲ್ಲಿ ನಿಮ್ಮ ಹೆಸರೇ ಇಲ್ಲ ಎಂದರು. "ಹೋಗೇ ಇಲ್ಲ ಅಂದಮ್ಯಾಲೆ ಕಳದಾನ ಅಂತ ಹೆಂಗ ಬರಕೊಳ್ಳೂದ್ರಿ?" ಎಂದು ನನ್ನನ್ನೇ ಕೇಳಿದರು. ಬಸ್ಸಿನಲ್ಲಿ ಯರಗಟ್ಟಿ ದಾಟುವವರೆಗೂ ಅತ್ತಿದ್ದೇನೆ.

ಅದಕ್ಕೇ ಈ ಸರ್ವೆ ಕೆಲಸ ಹಿಡಿದೆ. ನಮ್ಮ ದೇಶ ಬಿಟ್ಟು ಎಷ್ಟು ಜನ ಹೋಗಿದ್ದಾರೆ ಎಂದು ಅಂದಾಜು ಕಟ್ಟುವ ಕೆಲಸ. ರಾಮದುರ್ಗದಲ್ಲಿ ಎರಡು ದಿನ ತರಬೇತಿ ಕೊಟ್ಟರು. ಬಂದವರನ್ನು ಎಣಿಸುವುದು ಸುಲಭ, ಹೋದವರು ಬಾಗಿಲಲ್ಲಿ ನಿಂತು ಉತ್ತರ ಹೇಳುವುದಿಲ್ಲ ಎಂದರು ಕಲಿಸಲು ಬಂದ ಸರ್. ವಿಮಾನ ನಿಲ್ದಾಣದ ಲೆಕ್ಕಕ್ಕೆ ನಿಮ್ಮಂಥವರು ಸಿಗುವುದಿಲ್ಲ. ಅಣ್ಣತಮ್ಮಂದಿರನ್ನು ಕೇಳಿದರೆ ಒಬ್ಬನೇ ಮನುಷ್ಯ ಮೂರು ಮನೆಯಲ್ಲಿ ಮೂರು ಸಲ ಎಣಿಕೆಯಾಗುತ್ತಾನೆ. ಆದ್ದರಿಂದ ತಾಯಂದಿರನ್ನು ಕೇಳಬೇಕು, ಯಾಕೆಂದರೆ ಯಾರಿಗಾದರೂ ಹೆತ್ತವಳು ಒಬ್ಬಳೇ. ಎಷ್ಟು ಮಕ್ಕಳನ್ನು ಹೆತ್ತಿರಿ, ಎಷ್ಟು ಉಳಿದಿವೆ, ಉಳಿದವರಲ್ಲಿ ಹೊರದೇಶದಲ್ಲಿ ಇರುವವರು ಎಷ್ಟು, ಇಷ್ಟೇ ಪ್ರಶ್ನೆ. ತಾಯಿ ಸತ್ತಿದ್ದರೆ ಏನು ಮಾಡುತ್ತೀರಿ ಎಂದು ನಾನು ಎದ್ದು ಕೇಳಿದೆ. ಅಂಥವರನ್ನು ಬೇರೆ ಲೆಕ್ಕ ಹಾಕಿ ಅಂದಾಜಿನ ಮೇಲೆ ಕೂಡಿಸುತ್ತಾರಂತೆ. ಹೆಂಡತಿಯನ್ನು ಯಾಕೆ ಕೇಳುವುದಿಲ್ಲ ಎಂದೂ ಕೇಳಬೇಕೆಂದಿದ್ದೆ, ಕೇಳಲಿಲ್ಲ. ಫಾರ್ಮಿನಲ್ಲಿ ಹೆಸರು ಇರುವುದಿಲ್ಲ, ಅಂಕಿ ಮಾತ್ರ. ಆದರೂ ಸರಕಾರದ ಒಂದು ಕಾಗದದಲ್ಲಾದರೂ ನೀವು ಹೋಗಿದ್ದೀರಿ, ಇದ್ದೀರಿ ಎಂದು ದಾಖಲಾಗಲಿ ಎಂಬ ಆಸೆ ನನಗೆ. ಹೆಸರು ಬೇಡ, ಒಂದು ಎಂಬ ಅಂಕಿ ಸಾಕಿತ್ತು.

ನಮ್ಮ ಮನೆಯನ್ನು ನಾನೇ ಬರೆಯುವಂತಿಲ್ಲ. ನಮ್ಮ ಓಣಿ ಅಂಗನವಾಡಿಯ ಶಟ್ಟೆವ್ವನಿಗೆ ಬಂತು. ಅವಳು ಕಟ್ಟೆಯ ಮೇಲೆ ಕುಳಿತು ಅತ್ತೆಯನ್ನು ಕೇಳಿದಳು, ನಾನು ಒಳಗೆ ರೊಟ್ಟಿ ಬಡಿಯುತ್ತ ಕಿವಿ ಕೊಟ್ಟಿದ್ದೆ. ಎಷ್ಟು ಹೆತ್ತೆ ಕೃಷ್ಣವ್ವಾ ಎಂದಳು. ನಿಮ್ಮವ್ವ ಒಂದು ಗಳಿಗೆಯೂ ತಡೆಯಲಿಲ್ಲ. "ಹಡದದ್ದು ಎರಡ, ಉಳದದ್ದು ಇಲ್ಲ" ಅಂದರು. ನನ್ನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇಲ್ಲಿ ಹೆತ್ತವಳೇ ಹೆತ್ತಿಲ್ಲ ಅಂತಾಳೆ! ಶಟ್ಟೆವ್ವ ಬರೆದುಕೊಂಡು ಹೊರಟೇಬಿಟ್ಟಳು. ನಾನು ಹಿಟ್ಟಿನ ಕೈಯಲ್ಲೇ ಊರ ಅಗಸೆ ಬಾಗಿಲಿನವರೆಗೆ ಓಡಿ ಅವಳನ್ನು ನಿಲ್ಲಿಸಿದೆ.

ನಿಮಗೆ ಗೊತ್ತಿದ್ದ ಕಥೆಯೇ, ಅವಳಿಗೆ ಮೊದಲಿನಿಂದ ಹೇಳಬೇಕಾಯಿತು. ಅತ್ತೆಗೆ ಮೊದಲಿನ ಎರಡು ಕೂಸುಗಳು ಬಾಣಂತನ ಮುಗಿಯುವ ಮೊದಲೇ ಹೋದದ್ದು, ನೀವು ಹುಟ್ಟಿದಾಗ ಹಿರಿಯರ ಮಾತಿನಂತೆ ನಿಮ್ಮನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಟ್ಟು ಬಂದದ್ದು, ಮಕ್ಕಳಿಲ್ಲದ ರಾಯವ್ವ ನನಗೆ ಸಿಕ್ಕ ಮಗ ಎಂದು ಎತ್ತಿಕೊಂಡದ್ದು, ಒಂದು ಸೇರು ನುಚ್ಚು ಕೊಟ್ಟು ಅತ್ತೆ ನಿಮ್ಮನ್ನು ಅವಳಿಂದ ಕೊಂಡುಕೊಂಡದ್ದು. ಸಾವಿಗೆ ಮೋಸ ಮಾಡಲು ನಿಮ್ಮ ಬಲಮೂಗನ್ನು ಹೆಣ್ಣುಮಕ್ಕಳ ಹಾಗೆ ಚುಚ್ಚಿಸಿದ್ದನ್ನೂ ಹೇಳಿದೆ. ಆ ತೂತು ಮುಚ್ಚಿಹೋಗಿದ್ದರೂ ಎಳ್ಳಿನಷ್ಟು ಗುರುತು ಉಳಿದಿದೆಯಲ್ಲ, ಮದುವೆಯಾದ ಹೊಸದರಲ್ಲಿ ನಾನು ನತ್ತು ತೊಡಿಸಲೇ ಎಂದು ಕಾಡುತ್ತಿದ್ದೆ. ಶಟ್ಟೆವ್ವ ಎಲ್ಲ ಕೇಳಿಸಿಕೊಂಡಳು. ತಾಯಿ ಹೇಳಿದ್ದನ್ನು ಬಿಟ್ಟು ಸೊಸೆ ಹೇಳಿದ್ದನ್ನು ಬರೆಯಲು ಬರುವುದಿಲ್ಲ ಎಂದು ತಲೆ ಬಗ್ಗಿಸಿ ಹೋದಳು.

ಮನೆಗೆ ಬಂದು ನಿಮ್ಮವ್ವನ ಜೊತೆ ಜಗಳ ತೆಗೆದೆ. ಮಗನನ್ನು ಬದುಕಿದ್ದಾಗಲೇ ಅಳಿಸಿದಿರಿ, ನಿಮ್ಮ ಬಾಯಿಗೆ ಏನು ಬಂದಿತ್ತು ಎಂದೆ. ಅತ್ತೆಯ ಜೊತೆ ಹಾಗೆ ಎಂದೂ ಮಾತಾಡಿದವಳಲ್ಲ. ಅವರು ಸಿಟ್ಟಾಗಲಿಲ್ಲ. ನನ್ನನ್ನು ಹತ್ತಿರ ಕೂಡಿಸಿಕೊಂಡು ಮೆಲ್ಲಗೆ ಹೇಳಿದರು: "ನಂದು ಅಂದ ಎರಡೂ ಹೋದವು. ನಂದಲ್ಲ ಅಂದದ್ದು ಒಂದ ಉಳೀತು. ಈಗ ನನ್ನ ಬಾಯಿಂದ ನಂದು ಅನಸಬ್ಯಾಡವಾ." ಎಂಟನೇ ಇಯತ್ತೆಯವರೆಗೆ ಓದಿದವಳು, ಸರ್ವೆಯ ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡವಳು, ಅವರ ಕಾಲಿಗೆ ಎಣ್ಣೆ ಹಚ್ಚುತ್ತ ಕುಳಿತೆ.

ಮರುದಿನ ನನ್ನ ಪಾಲಿನ ಓಣಿಗೆ ಹೋದೆ. ರಾಯವ್ವನ ಮನೆ ಅಲ್ಲೇ ಇದೆಯಲ್ಲ. ಈಗ ಅವಳಿಗೆ ಕಣ್ಣು ಕಾಣುವುದಿಲ್ಲ, ದನಿಯ ಮೇಲೆ ಗುರುತು ಹಿಡಿಯುತ್ತಾಳೆ. ಎಷ್ಟು ಹೆತ್ತೆ ರಾಯವ್ವಾ ಎಂದು ಕೇಳಲು ನನಗೇ ನಾಲಿಗೆ ಹೊರಳಲಿಲ್ಲ, ಬಂಜೆ ಎಂದು ಜನ್ಮವೆಲ್ಲ ಅನ್ನಿಸಿಕೊಂಡವಳು. ಅವಳೇ ಕೇಳಿದಳು, ಇದು ಪರದೇಶಕ್ಕೆ ಹೋದವರ ಲೆಕ್ಕವೇನು ಎಂದು. ಹೌದು ಎಂದೆ. "ಹಂಗಾರ ನನ್ನ ಮಗನ್ನ ಬರಿ" ಎಂದಳು. ಸಾಕಿದವರನ್ನು, ದತ್ತಕ ತೆಗೆದುಕೊಂಡವರನ್ನು ಬರೆಯಬಾರದು ಎಂದು ಸರ್ ಎರಡೆರಡು ಸಲ ಹೇಳಿದ್ದರು. ನಾನು ಬರೆದೆ. ಹೆತ್ತದ್ದು ಒಂದು, ಉಳಿದದ್ದು ಒಂದು, ಹೊರದೇಶದಲ್ಲಿ ಒಂದು. ಇಷ್ಟು ದಿನದಲ್ಲಿ ನಾನು ಬರೆದ ಸುಳ್ಳು ಇದೊಂದೇ, ಅದೂ ನಿಮ್ಮ ಸಲುವಾಗಿ. ಫಾರ್ಮು ರಾಮದುರ್ಗಕ್ಕೆ ಹೋಗಿ ಮುಟ್ಟಿದೆ. ದೇಶ ಬಿಟ್ಟು ಹೋದವರ ಅಂದಾಜಿನಲ್ಲಿ ಈಗ ನೀವೂ ಇದ್ದೀರಿ.

ಪತ್ರದಲ್ಲಿ ನಿಮ್ಮ ಆಶೀರ್ವಾದ ಬರೆಯಲೇ ಎಂದು ಅತ್ತೆಯನ್ನು ಕೇಳಿದೆ. ರಾಯವ್ವನ ಹೆಸರಿನಲ್ಲಿ ಬರೆ ಅಂದರು. ಹಾಗೇ ಆಗಲಿ: ರಾಯವ್ವ ನಿಮ್ಮ ತಲೆಯ ಮೇಲೆ ಕೈ ಇಟ್ಟಿದ್ದಾಳೆ. ಬಾಗಿಲಿಗೆ ಇನ್ನೂ ಒಳಚಿಲಕ ಹಾಕುತ್ತಿಲ್ಲ. ಬೇಗ ಬರ್ರಿ.

ನಿಮ್ಮ,
ಯಶೋಧಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಠಾಣೆಯಿಂದ ಇಬ್ಬರು ಬಂದು ಹೋದರು. ನೀವು ಹೋದ ದೇಶದ ಶವಾಗಾರದಲ್ಲಿ ಒಂದು ಹೆಣ ಇದೆಯಂತೆ, ಕಾಗದಪತ್ರ ಏನೂ ಇಲ್ಲ. ಕಿಸೆಯಲ್ಲಿ ನನ್ನ ಪತ್ರದ ಲಕೋಟೆ ಸಿಕ್ಕಿದೆ. ಅಂದರೆ ಒಂದಾದರೂ ಮುಟ್ಟಿತ್ತು. ತಾಳೆ ನೋಡಲು ಹೆತ್ತ ತಾಯಿಯ ರಕ್ತ ಬೇಕಂತೆ. ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಅವ ನನ್ನ ಮಗಾ ಅಲ್ರಿ, ರಾಯವ್ವನ ಮಗಾ. ಆಕಿ ರಕ್ತಾ ತಗೋರಿ" ಅಂದರು. ನಿಮ್ಮ ಬಲಮೂಗಿನಲ್ಲಿ ಚುಚ್ಚಿದ ಗುರುತು ಇತ್ತೇ ಎಂದು ಠಾಣೆಯವರು ನನ್ನನ್ನು ಕೇಳಿದರು. ಇಲ್ಲ ಅಂದೆ. ಒಂದೇ ಒಂದು ಸಲ ಫೋನು ಮಾಡಿರಿ. ಬೈಯುವುದಿಲ್ಲ.